ಅಪ್ಪ ಕೇಳಿದ ಭೀಮಸೇನರು ಈ ಕ್ಯಾಸೆಟ್ಟಿನಲ್ಲಿ ಯಾಕಿಲ್ಲ?

ಪ್ರಶ್ನೆ: ನಮ್ಮದು ಹಾಸನ. ಅಪ್ಪನಿಗೆ ಈಗ 77. ಭಾನುವಾರ ಸಂಜೆ ಅವರ ಮೂವರು ಹಳೇ ಸ್ನೇಹಿತರು ಮನೆಗೆ ಬರುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ ಮಾತು ಸಂಗೀತ ಕಚೇರಿಗಳ ಕಡೆ ತಿರುಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ರಾಮನವಮಿಗೆ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಭೀಮಸೇನ ಜೋಶಿಯವರನ್ನು ಕೇಳಿದ್ದು, ಕರ್ನಾಟಕ ಸಂಗೀತದ ಆರ್.ಕೆ. ಶ್ರೀಕಂಠನ್ ಅವರ ಕಚೇರಿಗಳು, 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಹಾಡಿದ ‘ಕನ್ನಡವೇ ಸತ್ಯ’ ಸುಗಮ ಸಂಗೀತ ಕಾರ್ಯಕ್ರಮ. ಭೀಮಸೇನರ ಆ ರಾತ್ರಿಯನ್ನು ಅಪ್ಪ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದರು. ಆ ಕ್ಯಾಸೆಟ್ ಮೊನ್ನೆ ಅಟ್ಟದ ಮೇಲೆ ಸಿಕ್ಕಿತು. ಹಾಕಿ ಕೇಳಿದರೆ ಬೇಜಾರಾಯಿತು. ದನಿ ಚಪ್ಪಟೆ, ಸ್ವಲ್ಪ ಕೀರಲು, ಮಧ್ಯೆ ಯಾರದೋ ಕೆಮ್ಮು. ಇನ್ನೊಂದು ಜಗಳ ಬೇರೆ ಇದೆ. ಅವತ್ತು ಕರೆಂಟ್ ಹೋಯಿತು, ಮೈಕಿಲ್ಲದೆಯೇ ಹಾಡಿದರು ಅಂತ ಅಪ್ಪ. ಅದು ಆ ದಿನವೂ ಅಲ್ಲ, ಭೀಮಸೇನರೂ ಅಲ್ಲ ಅಂತ ಒಬ್ಬ ಸ್ನೇಹಿತರು. ಉಳಿದಿಬ್ಬರು ವಾರಕ್ಕೊಂದು ಪಕ್ಷ. ಇವರು ಹೇಳುವುದರಲ್ಲಿ ಎಷ್ಟು ನಿಜ? ಇದನ್ನೆಲ್ಲ ದಾಖಲೆ ಮಾಡಿಡಬೇಕು ಅಂತ ಆಸೆ. ಹೇಗೆ ಮಾಡಲಿ?

ಉತ್ತರ: ಕ್ಯಾಸೆಟ್ಟನ್ನು ನೀವು ಜಡ್ಜ್ ಕುರ್ಚಿಯಲ್ಲಿ ಕೂರಿಸಿದ್ದೀರಿ. ಅದು ಸಪ್ಪೆ ಅನಿಸಿದ ಮೇಲೆ ಅಪ್ಪನ ಮಾತಿನ ಮೇಲೆ ಅನುಮಾನ ಬಂದಿದೆ. ಹಾಗೆ ಮಾಡಬೇಡಿ. ಕೆಲವು ವಿಷಯಕ್ಕೆ ಆ ಕ್ಯಾಸೆಟ್ ಬಹಳ ಒಳ್ಳೆಯ ಸಾಕ್ಷಿ. ‘ಅವತ್ತು ಹಾಡು ಹೇಗಿತ್ತು’ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿಯೇ ಅಲ್ಲ. ಅಪ್ಪನ ನೆನಪಿನ ಕತೆ ಇದಕ್ಕೆ ಉಲ್ಟಾ. ಯಾವ ಪ್ರಶ್ನೆಯನ್ನು ಯಾರ ಹತ್ತಿರ ಕೇಳಬೇಕು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಕ್ಯಾಸೆಟ್ ವಿಷಯ. ಆ ಕಾಲದಲ್ಲಿ ಜನ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಟೇಪ್‌ರೆಕಾರ್ಡರಿನೊಳಗೆ ಒಂದು ಸರ್ಕ್ಯೂಟ್ ಇರುತ್ತಿತ್ತು. ದನಿ ಜೋರಾದರೆ ತಾನೇ ತಗ್ಗಿಸುತ್ತದೆ, ಮೆಲ್ಲಗಾದರೆ ತಾನೇ ಏರಿಸುತ್ತದೆ. ಬಟನ್ ಒತ್ತಿ ಬಿಟ್ಟರೆ ಸಾಕು, ಬೇರೇನೂ ನೋಡಬೇಕಿಲ್ಲ ಅನ್ನುವ ಅನುಕೂಲಕ್ಕೆ ಮಾಡಿದ್ದು. ಮಾತು ರೆಕಾರ್ಡ್ ಮಾಡಲು ಇದು ಸರಿ. ಸಂಗೀತಕ್ಕೆ ಶತ್ರು. ಭೀಮಸೇನರ ಗಾಯನದ ಜೀವ ಇರುವುದೇ ಆ ಏರಿಳಿತದಲ್ಲಿ ಅಲ್ವಾ? ಆಲಾಪದಲ್ಲಿ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಹಗುರವಾಗಿ ಹಿಡಿದು ನಿಲ್ಲುತ್ತಾರೆ. ನಿಧಾನವಾಗಿ ಕಟ್ಟುತ್ತಾ ಹೋಗಿ, ಒಂದು ತಾನದಲ್ಲಿ, ಅಂದರೆ ವೇಗವಾಗಿ ಓಡುವ ಸ್ವರಗಳ ಸರಣಿಯಲ್ಲಿ, ಇಡೀ ಮೈದಾನವನ್ನು ಎತ್ತಿ ಹಾಕುತ್ತಾರೆ. ಆ ಸರ್ಕ್ಯೂಟ್ ಏನು ಮಾಡುತ್ತದೆ? ಹಗುರವಾದ ಷಡ್ಜವನ್ನು ಮೇಲೆತ್ತುತ್ತದೆ, ಗುಡುಗಿನಂಥ ತಾನವನ್ನು ಅಮುಕುತ್ತದೆ. ಎರಡೂ ಒಂದೇ ಎತ್ತರಕ್ಕೆ ಬರುತ್ತವೆ. ಹಾಡು ನಿಂತು ಗಾಯಕರು ಉಸಿರು ತೆಗೆದುಕೊಂಡಾಗ ಸುತ್ತಲಿನ ಸದ್ದು ದೊಡ್ಡದಾಗುತ್ತದೆ. ನಿಮಗೆ ಕೇಳಿಸಿದ ಕೆಮ್ಮು ಅಷ್ಟು ಜೋರಾಗಿರುವುದು ಅದಕ್ಕೇ. ಕೆಮ್ಮಿದವರು ಪಾಪ ಬಾಯಿಗೆ ಟವೆಲ್ ಹಿಡಿದುಕೊಂಡೇ ಕೆಮ್ಮಿರಬಹುದು.

ಇನ್ನು ಕೀರಲು ದನಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮೈದಾನದಲ್ಲಿ ರೆಕಾರ್ಡ್ ಮಾಡಿದ್ದು ಅಂದರೆ ಸೆಲ್ ಹಾಕಿಯೇ ಮಾಡಿರುತ್ತಾರೆ. ಕಚೇರಿ ಮುಂದುವರಿದಂತೆ ಸೆಲ್ ವೀಕ್ ಆಗುತ್ತದೆ, ಮೋಟರ್ ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಮೇಲೇರುತ್ತದೆ. ಶೇ 6ರಷ್ಟು ವ್ಯತ್ಯಾಸವಾದರೆ ಸಾಕು, ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದರಲ್ಲಿ ಕೇಳಿಸುತ್ತದೆ. ಗಂಡು ದನಿಯ ತೂಕವೇ ಹೋಗಿಬಿಡುತ್ತದೆ. ತಾನಗಳು ಅವಸರದಲ್ಲಿ ಹಾಡಿದ ಹಾಗೆ ಅನಿಸುತ್ತವೆ.

ಇದನ್ನು ಪತ್ತೆ ಮಾಡಲು ಒಂದು ದಾರಿ ಇದೆ. ಕರೆಂಟಿನಲ್ಲಿ ಓಡುವ ಮೈಕ್‌ಸೆಟ್ಟಿನಿಂದ ‘ಹುಂ’ ಅನ್ನುವ ಗುಂಯ್‌ಗುಡುವ ಸದ್ದು ಸದಾ ಬರುತ್ತಿರುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಆ ಗುಂಯ್ ಸದ್ದು 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ ಇರುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಂಡು, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ) ನೋಡಿ. 100ರ ಬದಲು 106ರ ಹತ್ತಿರ ಗೆರೆ ಕಾಣಿಸಿದರೆ ಟೇಪು ಶೇ 6ರಷ್ಟು ಹೆಚ್ಚು ವೇಗವಾಗಿ ಓಡುತ್ತಿದೆ ಎಂದು ಅರ್ಥ. ಅಷ್ಟು ನಿಧಾನ ಮಾಡಿ ಕೇಳಿ. ಒಂದೆರಡು ಹರ್ಟ್ಸ್ ಹೆಚ್ಚುಕಮ್ಮಿ ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಆಗಿನ ದಿನಗಳಲ್ಲಿ ನಮ್ಮ ಕರೆಂಟೇ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮತ್ತೆ, ಸೆಲ್ ವೀಕ್ ಆಗುತ್ತಾ ಹೋಗಿರುವುದರಿಂದ ಮೊದಲ ಹತ್ತು ನಿಮಿಷದ ಲೆಕ್ಕ ಕೊನೆಯ ಹತ್ತು ನಿಮಿಷಕ್ಕೆ ಹೊಂದುವುದಿಲ್ಲ. ತುಂಡು ತುಂಡಾಗಿ ಸರಿ ಮಾಡಬೇಕು. ಇದೊಂದನ್ನು ಮಾಡಿ ನೀವು ಕೇಳಿ ನೋಡಿ. ಅಪ್ಪನಿಗೆ ಯಾವಾಗ ಕೇಳಿಸಬೇಕು ಅಂತ ಕೊನೆಗೆ ಹೇಳುತ್ತೇನೆ.

ಕ್ಯಾಸೆಟ್ಟಿನಲ್ಲಿ ಇಲ್ಲದ ಇನ್ನೊಂದು ಸಂಗತಿ ಆ ಮೈದಾನ. ಬಯಲಿನಲ್ಲಿ, ರಾತ್ರಿಯಲ್ಲಿ ಸದ್ದಿನ ನಡೆಯೇ ಬೇರೆ. ಹಗಲಲ್ಲಿ ನೆಲ ಕಾದು ಅದರ ಪಕ್ಕದ ಗಾಳಿ ಬಿಸಿಯಾಗಿರುತ್ತದೆ. ಸದ್ದು ಮೇಲಕ್ಕೆ ಬಾಗಿ ಹಾರಿಹೋಗುತ್ತದೆ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಗುಂಟ ದೂರ ಹೋಗುತ್ತದೆ. ಹಾಸನ 3,000 ಅಡಿಗೂ ಎತ್ತರದಲ್ಲಿದೆ, ಬೆಂಗಳೂರು ಹೆಚ್ಚುಕಮ್ಮಿ ಅಷ್ಟೇ. ಬೇಸಿಗೆಯಲ್ಲೂ ನಮ್ಮ ರಾತ್ರಿಗಳು ತಂಪು. ‘ಹಾರ್ನ್ ಸ್ಪೀಕರಿನ ಹಾಡು ಪಕ್ಕದೂರಿಗೆ ಕೇಳಿಸುತ್ತಿತ್ತು’ ಅಂತ ಹಿರಿಯರು ಹೇಳಿದರೆ ನಾವು ಬಡಾಯಿ ಅಂತ ನಗುತ್ತೇವೆ. ನಗಬೇಕಾಗಿಲ್ಲ, ಅದು ಭೌತಶಾಸ್ತ್ರ.

ನೆನಪಿನ ವಿಷಯಕ್ಕೆ ಬರೋಣ. ಇಲ್ಲಿ ನಾನು ನಿಮ್ಮ ಅಪ್ಪನ ಪರ ಪೂರ್ತಿ ನಿಲ್ಲಲಾರೆ. ವಯಸ್ಸಾದವರನ್ನು ಬದುಕಿನ ನೆನಪು ಕೇಳಿದರೆ ಹೆಚ್ಚಿನವು 10ರಿಂದ 30ರ ವಯಸ್ಸಿನೊಳಗೆ ಗುಂಪಾಗಿ ಬರುತ್ತವೆ. ಮನಶ್ಶಾಸ್ತ್ರದವರು ಎಷ್ಟೋ ದೇಶಗಳಲ್ಲಿ ನೋಡಿದ್ದಾರೆ. ಹಾಡಿನ ವಿಷಯದಲ್ಲೂ ಇದು ಹೀಗೆಯೇ. ನಿಮ್ಮ ಅಪ್ಪ ಭೀಮಸೇನರನ್ನು ಕೇಳಿದಾಗ ಅವರಿಗೆ 30ರ ಆಸುಪಾಸು. ಕೈಯಲ್ಲಿ ಹೊಸ ಸಂಬಳ, ಜೊತೆಗೆ ಸ್ನೇಹಿತರು, ರಾತ್ರಿ ಬಸ್ಸು. ‘ಈಗಿನವರಿಗೆ ಆ ಮಟ್ಟ ಇಲ್ಲ’ ಅನ್ನುವ ಮಾತಿನಲ್ಲಿ ಇದರ ಪಾಲು ಇದ್ದೇ ಇದೆ. ಜೊತೆಗೆ, ಕೆಟ್ಟ ಕಚೇರಿಗಳನ್ನು ಯಾರೂ ಭಾನುವಾರ ಸಂಜೆ ನೆನೆಸಿಕೊಳ್ಳುವುದಿಲ್ಲ. ಆಗಲೂ ಸಪ್ಪೆ ಕಚೇರಿ ಬೇಕಾದಷ್ಟು ಇದ್ದವು. ಅದಕ್ಕೇ ನಾನು ಹಿರಿಯರನ್ನು ಮಾತಾಡಿಸುವಾಗ ‘ನೀವು ಕೇಳಿದ ಅತಿ ಕೆಟ್ಟ ಕಚೇರಿ ಯಾವುದು’ ಅಂತ ಒಮ್ಮೆಯಾದರೂ ಕೇಳುತ್ತೇನೆ. ಮೊದಲು ತಬ್ಬಿಬ್ಬಾಗುತ್ತಾರೆ. ಆಮೇಲೆ ಬರುವ ಕತೆ ಹೊಗಳಿಕೆಯ ಕತೆಗಿಂತ ಎಷ್ಟೋ ಪಾಲು ಚೆನ್ನಾಗಿರುತ್ತದೆ. ಅದನ್ನು ಯಾರ ಮುಂದೂ ಹತ್ತು ಸಲ ಹೇಳಿ ಪಾಲಿಶ್ ಮಾಡಿರುವುದಿಲ್ಲವಲ್ಲ!

ಪಾಲಿಶ್ ಅಂದೆ. ದೊಡ್ಡ ತೊಂದರೆ ಇರುವುದು ಅಲ್ಲೇ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು. ಸುಮಾರು ಎರಡೂವರೆ ವರ್ಷ ಬಿಟ್ಟು ಅವರನ್ನೇ ಮತ್ತೆ ಕೇಳಿದರು. ಹಲವರ ಕತೆ ಪೂರ್ತಿ ಬದಲಾಗಿತ್ತು. ಆದರೆ ಹೇಳುವ ಧೈರ್ಯ ಒಂದಿಷ್ಟೂ ಕುಗ್ಗಿರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಹಾಗಾಗಿ ‘ನಂಗೆ ಇವತ್ತು ನಡೆದ ಹಾಗಿದೆ’ ಅನ್ನುವ ಗಟ್ಟಿ ದನಿಯನ್ನು ಪುರಾವೆ ಅಂತ ತೆಗೆದುಕೊಳ್ಳಬೇಡಿ. ಅವರು ಸುಳ್ಳು ಹೇಳುತ್ತಿಲ್ಲ. ಹೇಳಿ ಹೇಳಿ ಕತೆ ಹೊಸದಾಗಿ ಕೂತಿದೆ, ಅಷ್ಟೇ.

ಕಚೇರಿ ನೆನಪು ಎಲ್ಲೆಲ್ಲಿ ಕಲಬೆರಕೆಯಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮೊದಲನೆಯದು ಮನೆಯ ಕ್ಯಾಸೆಟ್ಟು, ರೇಡಿಯೊ. ಭೀಮಸೇನರನ್ನು ಕೇಳಿದ ಯಾರನ್ನು ಮಾತಾಡಿಸಿದರೂ ‘ಕೊನೆಗೆ ಭಾಗ್ಯದ ಲಕ್ಷ್ಮೀ ಬಾರಮ್ಮ ಹಾಡಿದರು’ ಅನ್ನುತ್ತಾರೆ. ಹಾಡಿರಬಹುದು, ಅವರ ದಾಸರ ಪದಗಳಿಗೆ ಜನ ಕಾಯುತ್ತಿದ್ದದ್ದು ನಿಜ. ಆದರೆ ಅದೇ ದನಿಯಲ್ಲಿ ಅದೇ ಪದವನ್ನು ಶುಕ್ರವಾರ ಶುಕ್ರವಾರ ಮನೆಯಲ್ಲಿ ಎಷ್ಟು ವರ್ಷ ಕೇಳಿದ್ದೇವೆ? ಮನೆಯಲ್ಲಿ ಕೇಳಿದ್ದು ಮೆಲ್ಲಗೆ ಮೈದಾನಕ್ಕೆ ಹೋಗಿ ಕೂತಿರುತ್ತದೆ. ‘ಅವತ್ತು ಯಾವ ರಾಗದಿಂದ ಶುರು ಮಾಡಿದರು, ತಬಲಾ ಯಾರು, ಹಿಂದೆ ತಂಬೂರಿ ಹಿಡಿದು ಕೂತವರು ಯಾರು’ ಅಂತ ಕೇಳಿ. ಕ್ಯಾಸೆಟ್ಟಿನಿಂದ ಬರಲಾರದ ಉತ್ತರ ಬಂದರೆ ಅದಕ್ಕೆ ಬೆಲೆ ಜಾಸ್ತಿ.

ಎರಡನೆಯದು ವಿಡಿಯೊ. ‘ಕನ್ನಡವೇ ಸತ್ಯ’ಕ್ಕೆ ಸೇರಿದ್ದು ಲಕ್ಷ ಜನ. ಅಷ್ಟು ಜನರ ನಡುವೆ ನಿಂತವರಿಗೆ ಅಶ್ವತ್ಥರ ಹುಬ್ಬು ಕುಣಿದದ್ದು, ಬೆರಳು ಎತ್ತಿದ್ದು ಕಾಣಿಸಲು ಸಾಧ್ಯವಾ? ಎಲ್ಲಿ ನಿಂತಿದ್ದಿರಿ ಅಂತ ಮೊದಲು ಕೇಳಿ. ಹಿಂದೆ ಎಲ್ಲೋ ನಿಂತಿದ್ದೆ ಅಂದವರು ಮುಖದ ಭಾವ ಬಣ್ಣಿಸಿದರೆ ಅದು ಆಮೇಲೆ ನೋಡಿದ ತುಣುಕುಗಳ ನೆನಪು. ಅದೇ ವ್ಯಕ್ತಿ ‘ಮುಂದಿನವರು ಸಾಲು ಹಾಡುತ್ತಿದ್ದರು, ಹಿಂದಿನವರು ಅರ್ಧ ಸಾಲು ತಡವಾಗಿ ಹಾಡುತ್ತಿದ್ದರು’ ಅಂದರೆ ನಾನು ಕಣ್ಣುಮುಚ್ಚಿ ನಂಬುತ್ತೇನೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಷ್ಟು ದೊಡ್ಡ ಮೈದಾನದಲ್ಲಿ ಆ ಎಡವಟ್ಟು ಆಗಿಯೇ ತೀರುತ್ತದೆ. ಅಲ್ಲಿ ಇದ್ದವರಿಗೆ ಮಾತ್ರ ಅದು ಗೊತ್ತಿರುತ್ತದೆ.

ಮೂರನೆಯದು ಊರಿನ ಅಭಿಮಾನ. ನಿಮ್ಮ ಪಟ್ಟಿಯ ಮೂವರಲ್ಲಿ ಇಬ್ಬರು ಹಾಸನ ಜಿಲ್ಲೆಯವರೇ. ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ಶ್ರೀಕಂಠನ್ ಅವರದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಂಡೆಯ ಸಂಗೀತಗಾರರ ಊರು. ನಮ್ಮವರು ಅಂದಮೇಲೆ ಕೇಳಿದ ಕತೆ, ಕಂಡ ಕತೆ ಎರಡೂ ಬೆರೆಯುತ್ತವೆ. ಸೋದರಮಾವ ನೋಡಿದ್ದನ್ನು ಅಳಿಯ ‘ನಾನೇ ನೋಡಿದೆ’ ಅಂತ ನಂಬಿರುತ್ತಾನೆ. ಇದಕ್ಕೆ ಬೇಸರ ಪಡಬೇಡಿ. ‘ಇದು ನೀವು ಕಂಡಿದ್ದಾ, ಕೇಳಿದ್ದಾ’ ಅಂತ ನಯವಾಗಿ ಕೇಳಿ, ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಒಂದು ಮಾತ್ರ ಹೇಳಬೇಕು: ಶ್ರೀಕಂಠನ್ 90 ದಾಟಿದ ಮೇಲೂ ಕಚೇರಿ ಮಾಡಿದವರು. ‘ಅಷ್ಟು ವಯಸ್ಸಿನಲ್ಲಿ ಆ ಗಂಟಲು’ ಅಂತ ಯಾರಾದರೂ ಅಂದರೆ ಅದನ್ನು ಬಣ್ಣ ಅಂದುಕೊಳ್ಳಬೇಡಿ.

ಇಸವಿ ಹಿಡಿಯುವುದು ಹೇಗೆ? ನೇರವಾಗಿ ‘ಯಾವ ವರ್ಷ’ ಅಂತ ಕೇಳಿದರೆ ದಂಡ. ಜನ ಇಸವಿ ನೆನಪಿಟ್ಟುಕೊಳ್ಳುವುದಿಲ್ಲ. ಮಗಳು ಹುಟ್ಟುವ ಮುಂಚೆಯಾ, ಟ್ರಾನ್ಸ್‌ಫರ್ ಆದ ಮೇಲಾ, ಮನೆ ಕಟ್ಟುವಾಗಲಾ ಅಂತ ಕೇಳಿ. ಮೇಲುಗಡೆ ಮಿತಿ ಹಾಕಲು ಕಲಾವಿದರ ಬದುಕಿನ ದಿನಾಂಕಗಳು ಇವೆ. ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು 1992ರಲ್ಲಿ, ಮೈಸೂರು ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರ ಡಿಸೆಂಬರ್ 29ರಂದು, ಅದೂ ಅವರ ಹುಟ್ಟುಹಬ್ಬದ ದಿನವೇ. ಭೀಮಸೇನರು 2011ರ ಜನವರಿಯಲ್ಲಿ, ಶ್ರೀಕಂಠನ್ 2014ರ ಫೆಬ್ರವರಿಯಲ್ಲಿ.

ನಮ್ಮ ಕಡೆಯವರಿಗೆ ಇನ್ನೊಂದು ಒಳ್ಳೆಯ ಅಳತೆಗೋಲು ರೈಲು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಬಂದಿದ್ದು 2017ರಲ್ಲಿ. ಅದಕ್ಕೂ ಮುಂಚೆ ಅರಸೀಕೆರೆ ಸುತ್ತಬೇಕಿತ್ತು, ಇಲ್ಲವೇ ಮೈಸೂರು ಕಡೆಯಿಂದ ಹೋಗಬೇಕಿತ್ತು. ಬಹುಪಾಲು ಜನ ಬಸ್ಸೇ ಹಿಡಿಯುತ್ತಿದ್ದರು. ಭೀಮಸೇನರ ಕಚೇರಿಗೆ ಕುಣಿಗಲ್ ಮೇಲೆ ರೈಲಲ್ಲಿ ಹೋದೆವು ಅಂತ ಯಾರಾದರೂ ಅಂದರೆ ಎರಡು ಪ್ರಯಾಣ ಕಲೆಸಿವೆ ಅಂತ ಗೊತ್ತಾಗುತ್ತದೆ. ಸ್ನೇಹಿತರಲ್ಲಿ ಚಿಕ್ಕಮಗಳೂರಿನವರು ಇದ್ದರೆ ಅವರಿಗೂ ಇದೇ ಪರೀಕ್ಷೆ. ಆ ಊರಿಗೆ ರೈಲು ಬಂದಿದ್ದೇ 2013ರಲ್ಲಿ. ಅದಕ್ಕೆ ಮುಂಚೆ ರೈಲು ಹತ್ತಬೇಕೆಂದರೆ ಕಡೂರಿಗೋ ಬೀರೂರಿಗೋ ಹೋಗಬೇಕಿತ್ತು. ಹೋದ ದಾರಿ, ಸಿಕ್ಕ ಬಸ್ಸು, ತಿಂದ ಜಾಗ, ಮರಳಿ ಬಂದ ಹೊತ್ತು ಇವನ್ನೆಲ್ಲ ಬಿಡಿಸಿ ಕೇಳಿ. ‘ಕಚೇರಿ ಹೇಗಿತ್ತು’ ಅಂತ ಮೊದಲೇ ಕೇಳಿದರೆ ‘ಅದ್ಭುತ’ ಅನ್ನುವ ಒಂದೇ ಪದ ಸಿಗುತ್ತದೆ. ದಾರಿಯಿಂದ ಶುರು ಮಾಡಿದರೆ ಹಾಡು ತಾನಾಗಿ ಬರುತ್ತದೆ.

ಬರಹದ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು. ರಾಮನವಮಿ ಸಂಗೀತೋತ್ಸವ ನಡೆಸುವ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಅಂಥ ಉತ್ಸವಗಳಿಗೆ ಕಾರ್ಯಕ್ರಮದ ಪಟ್ಟಿ ಅಚ್ಚಾಗುತ್ತದೆ. ಹಳೇ ಟ್ರಂಕಿನಲ್ಲಿ, ಪುಸ್ತಕದ ಮಧ್ಯೆ, ದೇವರ ಮನೆಯ ಡ್ರಾಯರಿನಲ್ಲಿ ಆಹ್ವಾನ ಪತ್ರಿಕೆ ಇದೆಯಾ ನೋಡಿ. ರಾಮನವಮಿ ತಿಥಿಯ ಲೆಕ್ಕದ ಹಬ್ಬ, ಹಾಗಾಗಿ ಹಳೇ ಪಂಚಾಂಗವೂ ಸಹಾಯಕ್ಕೆ ಬರುತ್ತದೆ. ಅಂದಾಜು ವಾರ ಸಿಕ್ಕಿದ ಮೇಲೆ ಗ್ರಂಥಾಲಯದಲ್ಲಿ ಆ ವಾರದ ದಿನಪತ್ರಿಕೆ ತೆಗೆಸಿ ಕಾರ್ಯಕ್ರಮಗಳ ಕಾಲಂ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ. ನಾಲ್ವರನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡಬೇಡಿ. ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿ. ಗುಂಪಿನಲ್ಲಿ ಜನ ಹೆಚ್ಚು ನೆನಪು ಮಾಡಿಕೊಳ್ಳುತ್ತಾರೆ ಅಂತ ನಮಗೆ ಅನಿಸುತ್ತದೆ. ಪ್ರಯೋಗಗಳಲ್ಲಿ ಕಂಡಿದ್ದು ಬೇರೆ. ಬೇರೆ ಬೇರೆ ಕೂತು ಹೇಳಿದ್ದನ್ನು ಕೂಡಿಸಿದರೆ ಬರುವಷ್ಟು, ಅಷ್ಟೇ ಜನ ಒಟ್ಟಿಗೆ ಕೂತಾಗ ಬರುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರ ನೆನಪಿನ ದಾರಿ ತಪ್ಪಿಸುತ್ತದೆ. ಜೋರಾಗಿ ಮಾತಾಡುವವರ ಕತೆಯೇ ಎಲ್ಲರ ಕತೆಯಾಗುತ್ತದೆ. ನಿಮ್ಮ ಮನೆಯ ಭಾನುವಾರಗಳಲ್ಲಿ ಈ ಕೆಲಸ ವರ್ಷಗಟ್ಟಲೆ ನಡೆದಿದೆ. ‘ವಾರಕ್ಕೊಂದು ಪಕ್ಷ’ ಸೇರುವ ಆ ಇಬ್ಬರು ನಿಜವಾಗಿ ಅವತ್ತು ಅಲ್ಲಿ ಇದ್ದರಾ ಅನ್ನುವುದೇ ನನಗೆ ಅನುಮಾನ. ನಾನು ಅಂದೆ ಅಂತ ಹೇಳಬೇಡಿ!

ಒಬ್ಬೊಬ್ಬರದೂ ಮುಗಿದ ಮೇಲೆ ಒಟ್ಟಿಗೆ ಕೂರಿಸಿ. ಆಗ ಜಗಳವೂ ದಾಖಲೆಯೇ. ಯಾರು ಎಲ್ಲಿ ಪಟ್ಟು ಹಿಡಿದರು, ಯಾರು ‘ಹೌದಲ್ವಾ’ ಅಂತ ಸೋತರು ಅನ್ನುವುದನ್ನೂ ಬರೆದುಕೊಳ್ಳಿ. ಎರಡು ಮಾತು ಹೊಂದದಿದ್ದರೆ ನೀವು ಕೂತು ಹೊಂದಿಸಬೇಡಿ. ಎರಡನ್ನೂ ಹೆಸರು ಹಾಕಿ ಹಾಗೇ ಇಡಿ. ಆಮೇಲೆ ಓದುವವರು ತೀರ್ಮಾನ ಮಾಡಿಕೊಳ್ಳುತ್ತಾರೆ. ಸಾಧ್ಯವಾದರೆ ಒಮ್ಮೆ ಕಾರು ಮಾಡಿಕೊಂಡು ರುದ್ರಪಟ್ಟಣಕ್ಕೆ ಕರೆದುಕೊಂಡು ಹೋಗಿ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ಮಂದಿರ ಅಲ್ಲಿದೆ, ಸಂಗೀತೋತ್ಸವವೂ ನಡೆಯುತ್ತದೆ. ಮನೆಯ ಸೋಫಾದಲ್ಲಿ ಹೊರಡದ ಮಾತು ಹೊಳೆ ದಂಡೆಯಲ್ಲಿ ಹೊರಡುತ್ತದೆ.

ಕ್ಯಾಸೆಟ್ಟನ್ನು ಇನ್ನೊಂದು ಸಲ ಹಾಕುವ ಮುಂಚೆ ಸ್ವಲ್ಪ ತಾಳಿ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಟೇಪಿಗೆ ಬೂಷ್ಟು ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಕ್ಯಾಸೆಟ್ಟುಗಳಲ್ಲಂತೂ ಇದು ಮಾಮೂಲು. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ನೋಡಿದಾಗ ಟೇಪಿನ ಸುತ್ತಿನ ಮೇಲೆ ಬಿಳಿ ಪುಡಿ ಕಂಡರೆ ಓಡಿಸಲೇಬೇಡಿ. ಟೇಪ್‌ರೆಕಾರ್ಡರಿನಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಈ ಕೆಲಸ ಗೊತ್ತಿದ್ದವರ ಹತ್ತಿರ ಕೊಡಿ. ಬೂಷ್ಟು ಇಲ್ಲದಿದ್ದರೆ ಹಿಂಬದಿ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ, ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಒಂದು ಸಲ ಪೂರ್ತಿ ಮುಂದೆ, ಪೂರ್ತಿ ಹಿಂದೆ ಓಡಿಸಿ ಸುತ್ತು ಸಡಿಲ ಮಾಡಿ. ಆಮೇಲೆ ಕಂಪ್ಯೂಟರಿಗೆ 24 ಬಿಟ್ ವೇವ್ ಫೈಲಾಗಿ ಹಾಕಿಕೊಳ್ಳಿ. ವಾಟ್ಸ್ಆ್ಯಪಿಗೆ ಕಳಿಸಲು ಎಂಪಿ3 ಬೇರೆ ಮಾಡಿಕೊಳ್ಳಿ, ಮೂಲ ಮಾತ್ರ ಅದಾಗಬಾರದು. 90 ನಿಮಿಷದ ಕ್ಯಾಸೆಟ್ ಆಗಿದ್ದರೆ 45ನೇ ನಿಮಿಷಕ್ಕೆ ಮಗ್ಗುಲು ಬದಲಾಯಿಸಿರುತ್ತಾರೆ. ಅಲ್ಲಿ ರಾಗ ತುಂಡಾದರೆ ಅದು ಗಾಯಕರು ನಿಲ್ಲಿಸಿದ್ದಲ್ಲ.

ಈಗ ನಿಮ್ಮ ಕರೆಂಟ್ ಜಗಳ. ಇದಕ್ಕೆ ಮಾತ್ರ ಕ್ಯಾಸೆಟ್ಟನ್ನೇ ಕೇಳಬಹುದು. ಟೇಪ್‌ರೆಕಾರ್ಡರ್ ಸೆಲ್ಲಿನಲ್ಲಿ ಓಡುತ್ತಿತ್ತು, ಮೈಕ್‌ಸೆಟ್ ಕರೆಂಟಿನಲ್ಲಿ. ಕರೆಂಟ್ ಹೋದ ಕ್ಷಣ ಆ ಗುಂಯ್ ಸದ್ದು ಕತ್ತರಿಸಿದ ಹಾಗೆ ನಿಲ್ಲಬೇಕು, ಟೇಪು ಓಡುತ್ತಲೇ ಇರಬೇಕು. ಆದರೆ ಗುಂಯ್ ನಿಂತಿತು ಅಂದ ಮಾತ್ರಕ್ಕೆ ಅಪ್ಪ ಗೆದ್ದರು ಅಂತ ಅಲ್ಲ. ಆಗಿನ ಮೈಕ್‌ಸೆಟ್ಟಿನವರಲ್ಲಿ ಅನೇಕರು 12 ವೋಲ್ಟಿನ ಬ್ಯಾಟರಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದರು. ಕರೆಂಟ್ ಹೋದರೂ ಮೈಕ್ ನಡೆಯುತ್ತಿತ್ತು. ಹಾಗಾಗಿ ಇನ್ನೊಂದನ್ನು ಗಮನಿಸಿ. ದೂರದ ಸ್ಪೀಕರಿನಿಂದ ಬರುವ ದನಿ ಒಂದು ಚೂರು ತಡವಾಗಿ ಹಿಂದೆಯೇ ಬರುತ್ತದೆ. ಮೈಕ್ ಸತ್ತರೆ ಆ ಹಿಂದಿನ ದನಿ ಮಾಯವಾಗುತ್ತದೆ. ಹಾಡು ಒಮ್ಮೆಗೇ ಸಣ್ಣದಾಗುತ್ತದೆ. ಆಮೇಲೆ ರೆಕಾರ್ಡರಿನ ಸರ್ಕ್ಯೂಟ್ ಎಲ್ಲವನ್ನೂ ಮೇಲೆತ್ತಿ ಜನರ ಸದ್ದು ದೊಡ್ಡದಾಗುತ್ತದೆ. ಇಷ್ಟೂ ಸಿಕ್ಕರೆ ಕತೆ ನಿಜ. ಏನೂ ಸಿಗದಿದ್ದರೆ ಸುಳ್ಳು ಅನ್ನುವಂತಿಲ್ಲ. ಕಚೇರಿ ಮೂರು ಗಂಟೆ ನಡೆದು, ನಿಮ್ಮ ಹತ್ತಿರ ಒಂದೇ ಕ್ಯಾಸೆಟ್ ಇದ್ದರೆ ಉಳಿದ ಒಂದೂವರೆ ಗಂಟೆಯಲ್ಲಿ ಏನಾಯಿತೋ ಅದಕ್ಕೆ ಗೊತ್ತಿಲ್ಲ.

ಹುಡುಕಿ ನೋಡಿ. ಆದರೆ ನಾಲ್ವರನ್ನೂ ಬೇರೆ ಬೇರೆ ಮಾತಾಡಿಸಿ ಮುಗಿಸುವ ತನಕ ಸಿಕ್ಕಿತು ಅಂತಲೂ ಹೇಳಬೇಡಿ, ಸಿಗಲಿಲ್ಲ ಅಂತಲೂ ಹೇಳಬೇಡಿ. ವೇಗ ಸರಿ ಮಾಡಿದ ಹಾಡನ್ನೂ ಆಗಲೇ ಕೇಳಿಸಬೇಡಿ, ಅದೂ ನೆನಪಿನೊಳಗೆ ಹೋಗಿ ಸೇರಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಒಂದು ಭಾನುವಾರ ನಾಲ್ವರ ಮುಂದೆ ಹಾಕಿ. ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟುಕೊಂಡೇ ಹಾಕಿ. ಹೊಸ ಕತೆಗಳು ಬರುತ್ತವೆ, ಅವಕ್ಕೆ ಬೇರೆ ಫೈಲು, ಬೇರೆ ದಿನಾಂಕ.